ಸರದಿಯಿಲ್ಲದ ಆಟ

ಐವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಮಂಗೋಲರ ಮೇಲೆ ಯುದ್ಧಕ್ಕೆ ಇಳಿದೆ. ಹೆಗ್ಗದ್ದೆ ಕಡೆಯ ಹದಿನಾಲ್ಕು ಎಕರೆ ರೋಬಸ್ಟಾ ಕಾಫಿಯವನಿಗೆ ಎಂಟುನೂರು ವರ್ಷದ ಹಿಂದಿನ ಕುದುರೆ ಸವಾರರ ಜೊತೆ ಏನು ಹಗೆ ಎಂದು ನನ್ನ ಹೆಂಡತಿ ಆಗಲೇ ಕೇಳಿದ್ದಳು. ಹಗೆಯೇನೂ ಇರಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದರೆ ನನಗೆ ಹೊಟ್ಟೆ ಬರುತ್ತದೆ, ಮಲಗದಿದ್ದರೆ ಯಾರ ಮೇಲಾದರೂ ಅನುಮಾನ ಬರುತ್ತದೆ. ಈ ಕಂಪ್ಯೂಟರ್ ಆಟ ಎರಡಕ್ಕೂ ಮದ್ದು ಎಂದು ಪಕ್ಕದ ತೋಟದವನು ಹೇಳಿದ್ದ. ಮೊದಲನೆಯದಕ್ಕೆ ಮದ್ದಾಯಿತೋ ಇಲ್ಲವೋ ಗೊತ್ತಿಲ್ಲ. ಎರಡನೆಯದಕ್ಕಂತೂ ಒಳ್ಳೆ ಗೊಬ್ಬರವಾಯಿತು.

ಪಕ್ಕದ ತೋಟದವನು ಸಕಲೇಶಪುರದಲ್ಲಿ ನನ್ನ ಜೊತೆಯೇ ಹೈಸ್ಕೂಲು ಓದಿದವನು. ಅವನ ಅಜ್ಜ ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದು ಇಲ್ಲಿ ತೋಟ ಮಾಡಿದ ಕ್ರಿಶ್ಚಿಯನ್ನರು. ಇವನು ನಡುವೆ ಇಪ್ಪತ್ತು ವರ್ಷ ಕೊಲ್ಲಿ ದೇಶದ ಬಂದರೊಂದರಲ್ಲಿ ಕೆಲಸ ಮಾಡಿ, ಅಪ್ಪ ತೀರಿಕೊಂಡ ಮೇಲೆ ಹೆಂಡತಿಯ ಜೊತೆ ತೋಟಕ್ಕೇ ಬಂದು ನಿಂತ. ಅಲ್ಲಿ ರಜೆಯ ದಿನ ಗೆಳೆಯರೆಲ್ಲ ಸೇರಿ ಆಡುತ್ತಿದ್ದ ಆಟವಂತೆ ಇದು. ನಮ್ಮ ಕಡೆ ಕರೆಂಟಿನ ಕಂಬದ ಮೇಲೆ ಇಂಟರ್ನೆಟ್ಟಿನ ಕೇಬಲ್ ಬಂದ ವರ್ಷ ಅವನೇ ಮನೆಗೆ ಬಂದು ನನ್ನ ಕಂಪ್ಯೂಟರಿಗೆ ಅದನ್ನು ಹಾಕಿ, ಎರಡು ಮಧ್ಯಾಹ್ನ ಪಕ್ಕದಲ್ಲಿ ಕೂತು ಕಲಿಸಿದ. ಆಮೇಲೆ ದಿನಾ ಎರಡೂವರೆಯಿಂದ ನಾಲ್ಕೂವರೆ ಆಟ. ಅವನು ಅವನ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ.

ಆಟ ಇಷ್ಟೇ. ಪರದೆಯ ಮೇಲೆ ಹುಲ್ಲುಗಾವಲಿನ ಸೀಮೆ. ನಿಮಗೊಂದು ಪುಟ್ಟ ಊರು, ನಾಲ್ಕೈದು ಆಳು, ಒಂದಿಷ್ಟು ಕುರಿ. ಮರ ಕಡಿಸಬೇಕು, ಕುರಿ ಮೇಯಿಸಬೇಕು, ಕೋಟೆ ಕಟ್ಟಬೇಕು, ಬಿಲ್ಲಿನವರನ್ನೂ ಕುದುರೆಯವರನ್ನೂ ಸಾಕಬೇಕು. ಆಚೆಯಿಂದ ಮಂಗೋಲರ ದಂಡು ಬರುತ್ತದೆ. ಅದನ್ನು ನಡೆಸುವುದು ಕಂಪ್ಯೂಟರು. ಚದುರಂಗದಲ್ಲಾದರೆ ನೀನೊಂದು ನಡೆ ನಾನೊಂದು ನಡೆ ಎಂಬ ಮರ್ಯಾದೆ ಇರುತ್ತದೆ. ಇಲ್ಲಿ ಸರದಿ ಎಂಬುದೇ ಇಲ್ಲ. ನೀವು ಮರ ಕಡಿಸುತ್ತಿರುವಾಗಲೇ ಅವರು ಕುದುರೆಗೆ ಜೀನು ಬಿಗಿಯುತ್ತಿರುತ್ತಾರೆ. ಎದ್ದು ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಅರ್ಧ ಊರು ಉರಿಯುತ್ತಿರುತ್ತದೆ. ಅದೂ ಅಲ್ಲದೆ, ನಿಮ್ಮ ಆಳು ಹೋಗಿ ನೋಡಿದ ಜಾಗ ಮಾತ್ರ ನಿಮಗೆ ಕಾಣುತ್ತದೆ, ಉಳಿದದ್ದೆಲ್ಲ ಕಪ್ಪು. ಆ ಕಪ್ಪಿನೊಳಗೆ ಏನು ನಡೆಯುತ್ತಿದೆ ಎಂದು ಊಹಿಸುತ್ತಾ ಕೂರುವುದೇ ಆಟದ ಮುಕ್ಕಾಲು ಪಾಲು. ಇದಕ್ಕಿಂತ ನನಗೆ ಹೇಳಿಮಾಡಿಸಿದ ಆಟ ಇನ್ನೊಂದು ಇರಲಾರದು.

ನಾವಿಬ್ಬರೂ ಒಂದೇ ಪಕ್ಷ. ಅವನದೊಂದು ಊರು, ನನ್ನದೊಂದು ಊರು, ಮಂಗೋಲರು ಇಬ್ಬರಿಗೂ ಶತ್ರು. ಅವನು ಕಂಡದ್ದು ನನಗೂ ಕಾಣುತ್ತದೆ, ನಾನು ಕಂಡದ್ದು ಅವನಿಗೂ ಕಾಣುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡುತ್ತಾ ಆಡುತ್ತಿದ್ದೆವು. ಅವನು ಗೋಡೆ ಕಟ್ಟುವ ಜಾತಿ. ಊರ ಸುತ್ತ ಎರಡು ಸುತ್ತು ಕಲ್ಲಿನ ಗೋಡೆ ಎಬ್ಬಿಸಿ, ಒಳಗೆ ಬಿಲ್ಲಿನವರನ್ನು ನಿಲ್ಲಿಸಿ, ಬರಲಿ ಬಿಡು ಎಂದು ಕೂರುತ್ತಿದ್ದ. ಅವನ ಸ್ವಭಾವವೂ ಹಾಗೆಯೇ ಎಂದು ನಾನು ತಿಳಿದಿದ್ದೆ.

ಇನ್ನು ಕೆರೆಯ ವಿಷಯ ಹೇಳಬೇಕು. ನಮ್ಮ ಎರಡು ತೋಟಗಳ ನಡುವೆ ಒಂದು ಕೆರೆ ಇದೆ, ಅಜ್ಜಂದಿರು ಜೊತೆಯಾಗಿ ಕಟ್ಟಿಸಿದ್ದು. ರೋಬಸ್ಟಾ ಗಿಡಕ್ಕೆ ಫೆಬ್ರವರಿ, ಮಾರ್ಚಿನಲ್ಲಿ ಒಂದು ಮಳೆ ಬೇಕು, ಆಗ ಹೂ ಬಿಡುತ್ತದೆ. ಅದಾಗಿ ಇಪ್ಪತ್ತು ದಿನದೊಳಗೆ ಇನ್ನೊಂದು ಮಳೆ ಬೇಕು, ಅದಕ್ಕೆ ನಾವು ಬ್ಯಾಕಿಂಗ್ ಎನ್ನುತ್ತೇವೆ. ಎರಡನೆಯದು ಸಿಗದಿದ್ದರೆ ಹೂ ಕಾಯಿ ಕಚ್ಚುವುದಿಲ್ಲ, ಕಮರಿ ಉದುರುತ್ತದೆ, ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಮಳೆ ಬಾರದ ವರ್ಷ ಕೆರೆಯ ನೀರನ್ನೇ ಎಂಜಿನ್ನಿನಿಂದ ಎತ್ತಿ ಸ್ಪ್ರಿಂಕ್ಲರಿನಲ್ಲಿ ಹೊಡೆಯಬೇಕು. ಆ ಎರಡು ತಿಂಗಳು ಕೆರೆಯ ಮುಂದೆ ನಮಗೆ ಸ್ನೇಹ, ನೆಂಟಸ್ತನ ಯಾವುದೂ ಕಾಣುವುದಿಲ್ಲ.

ನಮ್ಮಪ್ಪ ಮತ್ತು ಅವನ ಅಪ್ಪ ಒಂದು ವರ್ಷ ಇದೇ ಕೆರೆಯ ಏರಿಯ ಮೇಲೆ ಕತ್ತಿ ಹಿಡಿದು ಎದುರುಬದುರು ನಿಂತಿದ್ದರು. ಅವರ ಕಡೆ ಏರಿಯ ಬುಡದಲ್ಲಿ ಹಳೆಯ ಕಲ್ಲಿನ ತೂಬು ಇದೆ. ಅದನ್ನು ಎತ್ತಿದರೆ ಎಂಜಿನ್ನಿನ ಸದ್ದಿಲ್ಲದೆ ನೀರು ಕೆಳಗಿನ ಅವರ ಗದ್ದೆಗೆ ಇಳಿಯುತ್ತದೆ. ಕದ್ದು ಎತ್ತಿದ್ದಾರೆ ಎಂದು ನಮ್ಮಪ್ಪ, ಇಲ್ಲ ಎಂದು ಅವರು. ಕೊನೆಗೆ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು. ಸೋಮ, ಬುಧ, ಶುಕ್ರ ಅವರ ದಿನ. ಮಂಗಳ, ಗುರು, ಶನಿ ನಮ್ಮ ದಿನ. ಭಾನುವಾರ ಕೆರೆಗೆ ರಜೆ. ಒಬ್ಬರ ದಿನ ಇನ್ನೊಬ್ಬರು ಏರಿಯ ಮೇಲೆ ಕಾಲಿಡಬಾರದು, ಹೂ ಕೊಯ್ಯುವುದಕ್ಕೂ ಇಡಬಾರದು. ನೀರಿನ ನಡುವೆ ಗೆರೆ ಕೆತ್ತಿದ ಒಂದು ಕಲ್ಲುಕಂಬ ನೆಟ್ಟರು. ನಮ್ಮಪ್ಪ ಸಾಯುವವರೆಗೂ ಆ ತೂಬನ್ನು ನಂಬಲಿಲ್ಲ. ತೋಟದ ಜೊತೆ ಆ ಅಪನಂಬಿಕೆಯನ್ನೂ ನನ್ನ ಹೆಸರಿಗೇ ಮಾಡಿ ಹೋದರು.

ಈ ವರ್ಷ ಫೆಬ್ರವರಿಯಲ್ಲಿ ಮಳೆ ಕೈಕೊಟ್ಟಿತು. ಆಲೂರು ಕಡೆ ಬಿತ್ತು, ಬಾಳ್ಳುಪೇಟೆಯವರೆಗೂ ಬಂತು, ನಮ್ಮ ಗುಡ್ಡದ ತನಕ ಬರಲಿಲ್ಲ. ವಾಟ್ಸಾಪಿನಲ್ಲಿ ಒಬ್ಬರು ನಮ್ಮಲ್ಲಿ ಅರವತ್ತು ಸೆಂಟ್ಸ್ ಮಳೆ ಎಂದರೆ ಇನ್ನೊಬ್ಬರು ಎಂಬತ್ತು ಎನ್ನುತ್ತಿದ್ದರು. ನಾನು ಯಾವುದನ್ನೂ ನಂಬಲಿಲ್ಲ, ಆದರೆ ಹೊಟ್ಟೆ ಉರಿಯುವುದೇನೂ ಕಡಿಮೆಯಾಗಲಿಲ್ಲ. ಇಬ್ಬರೂ ಕೆರೆಯ ನೀರನ್ನೇ ಹೊಡೆದು ಗಿಡ ಹೂ ಬಿಡುವಂತೆ ಮಾಡಿದೆವು. ಅವನ ತೋಟದ ಮೇಲಿನ ಬ್ಲಾಕು, ಅಂದರೆ ಅವನು ಊರಿಗೆ ಬಂದ ಮೇಲೆ ತಾನೇ ಗುಂಡಿ ತೆಗೆಸಿ ನೆಟ್ಟ ನಾಲ್ಕು ಎಕರೆ, ಮೊದಲ ಸಲ ಮೈತುಂಬ ಹೂ ಬಿಟ್ಟಿತ್ತು. ನಮ್ಮ ಜಗಲಿಯಿಂದ ನೋಡಿದರೆ ಗುಡ್ಡದ ನೆತ್ತಿ ಬೆಳ್ಳಗೆ ಕಾಣುತ್ತಿತ್ತು. ಗಂಡ ಹೆಂಡತಿ ಸಂಜೆ ಅಲ್ಲಿ ಓಡಾಡುತ್ತಿದ್ದುದೂ ಕಾಣುತ್ತಿತ್ತು. ಚೆಂದ ಬಂದಿದೆ ಎಂದು ನಾನೇ ಫೋನು ಮಾಡಿ ಹೇಳಿದ್ದೆ. ಉಳಿದದ್ದು ಬ್ಯಾಕಿಂಗು. ಕಂಬದ ಮೇಲೆ ಐದು ಗೆರೆ ನೀರಿತ್ತು. ಹದವಾಗಿ ಬಳಸಿದರೆ ಇಬ್ಬರಿಗೂ ಸರಿಹೋಗುವಷ್ಟು.

ನೀರು ಹದ ಮೀರಿ ಇಳಿಯತೊಡಗಿತು. ನನ್ನ ದಿನ ಬೆಳಿಗ್ಗೆ ಹೋಗಿ ಕಂಬ ನೋಡಿದರೆ ಇರಬೇಕಾದ್ದಕ್ಕಿಂತ ಎರಡು ಬೆರಳು ಕಡಿಮೆ. ಮುಂದಿನ ನನ್ನ ದಿನ ಮತ್ತೆ ಎರಡು ಬೆರಳು. ಬಿಸಿಲಿಗೆ ಆರಿರಬೇಕು ಎಂದು ಹೆಂಡತಿ ಹೇಳಿದಳು. ಬಿಸಿಲು ಹೋದ ವರ್ಷವೂ ಇತ್ತು ಎಂದೆ. ಹಾಲಿನ ಡೇರಿಗೆ ಹೋಗುವ ದಾರಿಯಲ್ಲಿ ಅವನ ಗದ್ದೆ ಸಿಗುತ್ತದೆ. ಮಾರ್ಚ್ ತಿಂಗಳ ಸುಡು ಬಿಸಿಲಿನಲ್ಲಿ ಎಲ್ಲರ ಗದ್ದೆ ಬಿರುಕು ಬಿಟ್ಟಿದ್ದರೆ ಅವನದರ ಒಂದು ಮೂಲೆಯಲ್ಲಿ ಹಸಿರು ಹುಲ್ಲು, ಅದರಲ್ಲೆರಡು ಕೊಕ್ಕರೆ. ನನ್ನ ಕಿವಿ ನೆಟ್ಟಗಾಯಿತು. ಕೊಕ್ಕರೆಗಳಿಗೆ ಅಲ್ಲೇನು ಕೆಲಸ?

ಅದೇ ಹೊತ್ತಿಗೆ ಆಟವೂ ಬದಲಾಯಿತು. ಒಂದು ಮಧ್ಯಾಹ್ನ ಅವನ ದನಿ ಬರಲಿಲ್ಲ. ಮೈಕು ಕೆಟ್ಟಿದೆ, ಇನ್ನು ಟೈಪ್ ಮಾಡುತ್ತೇನೆ ಎಂಬ ಒಂದು ಸಾಲು ಪರದೆಯ ಮೇಲೆ ಬಂತು. ಆವತ್ತಿನಿಂದ ಅವನು ಗೋಡೆ ಕಟ್ಟುವುದನ್ನು ಬಿಟ್ಟ. ಕುದುರೆ ಬಿಲ್ಲುಗಾರರನ್ನು ಸಾಕತೊಡಗಿದ. ಮಂಗೋಲರ ವಿದ್ಯೆಯನ್ನೇ ಮಂಗೋಲರ ಮೇಲೆ ಬಿಟ್ಟ: ಹತ್ತು ಸವಾರರು ಹೋಗಿ ಕೆಣಕುವುದು, ಹೆದರಿದವರಂತೆ ಓಡಿ ಬರುವುದು, ಅಟ್ಟಿಕೊಂಡು ಬಂದವರನ್ನು ಮರೆಯಲ್ಲಿದ್ದ ಇನ್ನೂ ನಲವತ್ತು ಸವಾರರು ಸುತ್ತಿಕೊಳ್ಳುವುದು. ನೋಡುವುದಕ್ಕೆ ಕಣ್ಣಿಗೆ ಹಬ್ಬ. ಆದರೆ ಗೋಡೆ ಕಟ್ಟುವವನು ಒಂದೇ ದಿನದಲ್ಲಿ ಈ ಕಪಟ ಕಲಿತದ್ದು ಎಲ್ಲಿಂದ? ಒಮ್ಮೆ ‘ಈ ಕಡೆ ಬನ್ನಿ’ ಎಂದು ಟೈಪ್ ಮಾಡಿ, ಮರುಕ್ಷಣವೇ ‘ಬಾ’ ಎಂದು ತಿದ್ದಿದ. ನನ್ನನ್ನು ಗೇಲಿ ಮಾಡುತ್ತಿದ್ದಾನೆ ಎಂದುಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ನನಗೆ ಎಲ್ಲವೂ ಸ್ಪಷ್ಟವಾಯಿತು. ದಿನಾ ಎರಡು ಗಂಟೆ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸುವುದು. ಕಿವಿಗೆ ಹೆಡ್‌ಫೋನು, ಕಣ್ಣಿಗೆ ಮಂಗೋಲರು. ಅಷ್ಟು ಹೊತ್ತು ಅವನ ಆಳು ಯಾರೋ ಹೋಗಿ ತೂಬು ಎತ್ತುವುದು. ನಮ್ಮಿಬ್ಬರದೂ ಒಂದೇ ಪಕ್ಷ ಎಂದು ನಂಬಿಸಿದ್ದೇ ಇದಕ್ಕೆ. ಇದನ್ನು ಹೆಂಡತಿಗೆ ಬಿಡಿಸಿ ಹೇಳಿದೆ. ಅವಳು ಮುದ್ದೆ ಮುರಿಯುತ್ತಾ, ಏರಿ ಮೇಲೆ ಹೋಗಿ ನೋಡಬಹುದಲ್ಲ ಎಂದಳು. ಅವನ ದಿನ ನಾನು ಕಾಲಿಡುವಂತಿಲ್ಲ, ನನ್ನ ದಿನ ಅವನು ಬರುವಷ್ಟು ದಡ್ಡನಲ್ಲ ಎಂದೆ.

"ಹಂಗಾರೆ ಬಾಯಿಬಿಟ್ಟು ಕೇಳಿ," ಎಂದಳು. "ಜೊತೇಲಿ ಓದ್ದೋರು. ಕೇಳೋಕೇನೈತೆ?"

ಕೇಳಲಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾನೆ, ಇಲ್ಲ ಎಂದರೆ ನಾನು ನಂಬುವುದಿಲ್ಲ, ಆಮೇಲೆ ಕೇಳಿ ಬಂದ ಭಾಗ್ಯವೇನು? ಹೀಗೆ ನನ್ನ ಲೆಕ್ಕಾಚಾರ.

ಅವರಿಗೆ ಅದು ತಪಸ್ಸು ಕಾಲ, ಈಸ್ಟರಿಗೆ ಮೊದಲಿನ ನಲವತ್ತು ದಿನ. ಶುಕ್ರವಾರ ಮಧ್ಯಾಹ್ನ ಮನೆಮಂದಿಯೆಲ್ಲ ಸಕಲೇಶಪುರದ ಇಗರ್ಜಿಗೆ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಹೋಗುತ್ತಾರೆ, ತೋಟದ ಲೈನ್ ಮನೆಗಳಲ್ಲಿರುವ ಅವರ ಕಡೆಯ ಕೆಲಸದವರೂ ಹೋಗುತ್ತಾರೆ. ಆ ಶುಕ್ರವಾರ ಅವನ ದಿನ. ಬೆಳಿಗ್ಗೆ ಅವನ ಎಂಜಿನ್ ಓಡಿತು, ಹನ್ನೊಂದಕ್ಕೆ ನಿಂತಿತು. ಮಧ್ಯಾಹ್ನ ಜೀಪು ಇಳಿದು ಹೋದದ್ದನ್ನು ಜಗಲಿಯಿಂದ ನೋಡಿದೆ. ದಿನಾ ನನ್ನಿಂದ ಎರಡೆರಡು ಬೆರಳು ಕದಿಯುವವನು ಈಗ ದೇವರ ಮುಂದೆ ಮಂಡಿಯೂರಲು ಹೋಗುತ್ತಿದ್ದಾನೆ.

ಆಟದ ಮಾತು ನೆನಪಾಯಿತು. ಅಲ್ಲಿ ಸರದಿ ಇಲ್ಲ, ಕಾದು ಕೂತವನ ಊರು ಉರಿಯುತ್ತದೆ. ಕೆರೆಯ ಆಳವಾದ ಭಾಗ ನಮ್ಮ ಕಡೆಗಿದೆ, ನಮ್ಮ ಎಂಜಿನ್ನೂ ಅಲ್ಲೇ. ರಸ್ತೆ ಬದಿಯ ಗಿಡಗಳ ಸಾಲಿಗೆ ಪೈಪು ಹಿಂದಿನ ದಿನವೇ ಹಾಕಿಯಾಗಿತ್ತು. ಪೈಪು ಎತ್ತಿ ಹಾಕುವವರು ಒಂದೂವರೆಗೇ ಮನೆಗೆ ಹೋಗಿದ್ದರು. ನಾನೇ ಹೋಗಿ ಹ್ಯಾಂಡಲ್ ತಿರುಗಿಸಿದೆ. ಹೆಂಡತಿ ಹಿತ್ತಲಿನಿಂದ ಬಂದು, ಇವತ್ತು ಶುಕ್ರವಾರ ಅಲ್ಲವೇ ಎಂದು ಕೇಳಿದಳು. ಎಂಜಿನ್ ಸರಿ ಇದೆಯೋ ನೋಡುತ್ತಿದ್ದೇನೆ ಎಂದೆ. ಮೂರು ಗಂಟೆ ನೋಡಿದೆ. ನಿಲ್ಲಿಸುವ ಹೊತ್ತಿಗೆ ಕಂಬದ ಮೇಲೆ ಒಂದು ಗೆರೆ ಇಳಿದಿತ್ತು. ಭಯವೂ ಆಯಿತು, ಖುಷಿಯೂ ಆಯಿತು. ನಿಜ ಹೇಳಬೇಕೆಂದರೆ ಖುಷಿಯೇ ಹೆಚ್ಚಾಯಿತು.

ಶನಿವಾರ ನನ್ನ ದಿನ. ಬೆಳಿಗ್ಗೆ ನ್ಯಾಯವಾಗಿಯೇ ಎಂಜಿನ್ ಓಡಿಸಿ, ಮಧ್ಯಾಹ್ನ ಏನೂ ಆಗದವನಂತೆ ಆಟಕ್ಕೆ ಕೂತೆ. ಅವನು ಎಂದಿಗಿಂತ ಹುರುಪಿನಲ್ಲಿದ್ದ. ನದಿಯ ಆಚೆ ಮಂಗೋಲರ ಬಿಡಾರ ಕಂಡಿದೆ, ಇಬ್ಬರೂ ಸೇರಿ ನುಗ್ಗೋಣ, ಇರುವ ದಂಡನ್ನೆಲ್ಲ ತಾ ಎಂದು ಬರೆದ. ತಂದೆ. ಅವನ ಕುದುರೆಗಳು ಮುಂದೆ, ನನ್ನ ಕಾಲಾಳುಗಳು ಹಿಂದೆ. ನದಿ ದಾಟಿ ನನ್ನವರು ಅರ್ಧ ಹಾದಿ ಸೇರಿದ ಕೂಡಲೇ ಅವನ ಕುದುರೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿ ಓಡಿದವು. ಇದೂ ಅದೇ ಸುಳ್ಳು ಓಟ, ಈಗ ತಿರುಗುತ್ತವೆ, ಈಗ ತಿರುಗುತ್ತವೆ ಎಂದು ಕಾದೆ. ತಿರುಗಲಿಲ್ಲ. ನದಿ ದಾಟಿ, ಅವನ ಊರು ಸೇರಿ, ಬಾಗಿಲು ಹಾಕಿಕೊಂಡವು. ಮಂಗೋಲರು ನನ್ನ ಅರವತ್ತು ಜನರನ್ನು ನಾಲ್ಕೂ ಕಡೆಯಿಂದ ಸುತ್ತಿ ಕತ್ತರಿಸಿದರು. ಆಮೇಲೆ ಬಂದು ಊರನ್ನೂ ಸುಟ್ಟರು. ಏನೋ ಇದು ಎಂದು ಟೈಪ್ ಮಾಡಿದೆ. ಉತ್ತರ ಬರಲಿಲ್ಲ.

ಸಿಟ್ಟಿನಿಂದ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಬಿಸಾಡಿದೆ. ಆಟದಲ್ಲಿ ಸತ್ತದ್ದಕ್ಕಲ್ಲ. ನನ್ನ ಅನುಮಾನಕ್ಕೆ ಇನ್ನೇನು ಸಾಕ್ಷಿ ಬೇಕು? ಹೀಗೆ ಜೊತೆಗಿದ್ದವನನ್ನು ನಡುನೀರಿನಲ್ಲಿ ಬಿಟ್ಟು ಬರುವವನು ತೂಬು ಎತ್ತದೆ ಇರುತ್ತಾನೆಯೇ?

ಸೋಮವಾರ ಬೆಳಿಗ್ಗೆ ಅವನ ಎಂಜಿನ್ ಶುರುವಾಯಿತು. ಐದು ನಿಮಿಷ ಓಡಿ ಕೆಮ್ಮಿತು. ಮತ್ತೆ ಶುರುವಾಯಿತು, ಮತ್ತೆ ಕೆಮ್ಮಿ ನಿಂತಿತು. ನೀರು ಕೆಳಗಿಳಿದಾಗ ಕೆರೆಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವು ಗಾಳಿ ಎಳೆದರೆ ಹಾಗೆ ಸದ್ದಾಗುತ್ತದೆ, ನನಗೆ ಚೆನ್ನಾಗಿ ಗೊತ್ತು. ಅವನ ಕಡೆ ಕೆರೆ ಆಳವಿಲ್ಲ. ಹತ್ತು ಗಂಟೆಯ ತನಕ ಆ ಕೆಮ್ಮು ಕೇಳುತ್ತಲೇ ಇತ್ತು. ನಾಟಕ ಎಂದು ನನಗೆ ನಾನೇ ಹೇಳಿಕೊಂಡೆ. ಗದ್ದೆಯ ಮೂಲೆಯಲ್ಲಿ ಹೊಂಡ ಮಾಡಿ ಅಷ್ಟೂ ನೀರು ತುಂಬಿಕೊಂಡು, ನಮಗೆ ಕೇಳಿಸಲೆಂದು ಖಾಲಿ ಎಂಜಿನ್ ಓಡಿಸುತ್ತಿದ್ದಾನೆ. ಆದರೂ ಆ ಸದ್ದು ಕೇಳಲಾಗದೆ ಒಳಗೆ ಹೋಗಿ ಟಿವಿ ಹಾಕಿದೆ.

ಮಂಗಳವಾರ ನನ್ನ ದಿನ. ನಡುನೀರಿನಲ್ಲಿ ಬಿಟ್ಟು ಬರುವಷ್ಟು ಧೈರ್ಯವಿದ್ದವನು ಈಗ ನನ್ನ ದಿನವನ್ನೂ ಬಿಡಲಾರ, ಆವತ್ತು ಕಳ್ಳನನ್ನು ಹಿಡಿಯಲೇಬೇಕೆಂದು ನಿರ್ಧರಿಸಿದ್ದೆ. ಎರಡೂವರೆಗೆ ಆಟ ಶುರು ಮಾಡಿದೆ. ಹತ್ತು ನಿಮಿಷ ಆಡಿ, ಅವನ ಕುದುರೆಗಳು ಓಡಾಡುತ್ತಿರುವುದನ್ನು ಕಣ್ಣಾರೆ ನೋಡಿಕೊಂಡೆ. ಅಂದರೆ ಅವನು ಮನೆಯಲ್ಲಿದ್ದಾನೆ, ತೂಬಿನ ಹತ್ತಿರ ಇರುವುದು ಅವನ ಆಳು. ಆಳು ಸಿಕ್ಕಿಬಿದ್ದರೆ ಧಣಿ ಸಿಕ್ಕಂತೆ. ನನ್ನ ಊರಿನ ಬಾಗಿಲು ಮುಚ್ಚಿಸಿ, ಕಂಪ್ಯೂಟರನ್ನು ಹಾಗೆಯೇ ಬಿಟ್ಟು, ಚಪ್ಪಲಿಯನ್ನೂ ಹಾಕದೆ ತೋಟದೊಳಗಿನಿಂದ ಏರಿಗೆ ಹೋದೆ.

ಏರಿಯ ಆಚೆ ಬದಿಯಲ್ಲಿ, ತೂಬಿನ ಬುಡದಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತಿದ್ದವನು ಆಳಲ್ಲ. ಅವನೇ. ಪಕ್ಕದಲ್ಲಿ ಗುದ್ದಲಿ, ಜೇಡಿಮಣ್ಣು ತುಂಬಿದ ನಾಲ್ಕೈದು ಗೋಣಿಚೀಲ. ಒಂದು ಕ್ಷಣ ನನಗೆ ತಲೆಯೇ ಓಡಲಿಲ್ಲ. ಇವನು ಇಲ್ಲಿದ್ದರೆ ಅಲ್ಲಿ ಕುದುರೆ ಓಡಿಸುತ್ತಿರುವವರು ಯಾರು? ಆದರೆ ಎಷ್ಟೋ ದಿನದಿಂದ ಕಟ್ಟಿಟ್ಟಿದ್ದ ಸಿಟ್ಟು ಅದನ್ನೆಲ್ಲ ಯೋಚಿಸಲು ಬಿಡಲಿಲ್ಲ. ಇವತ್ತು ಯಾರ ದಿನ ಎಂದು ಏರಿಯ ಮೇಲಿನಿಂದಲೇ ಕೂಗಿದೆ. ಅಪ್ಪನಿಂದ ಬಂದ ಕಳ್ಳತನ ಎಲ್ಲಿ ಹೋಗುತ್ತದೆ ಎಂದೂ ಅಂದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದದ್ದು ನಿಜ.

ಅವನು ಸೊಂಟ ನೆಟ್ಟಗೆ ಮಾಡಿ ನನ್ನನ್ನು ನೋಡಿದ. ಸಿಕ್ಕಿಬಿದ್ದವನ ಮುಖವಲ್ಲ ಅದು, ಸುಸ್ತಾದವನ ಮುಖ. ಇಳಿದು ಬಾ, ನೀನೇ ನೋಡು ಎಂದ.

ಇಳಿದು ನೋಡಿದೆ. ತೂಬಿನ ಕಲ್ಲು ಮುಚ್ಚಿಯೇ ಇತ್ತು, ಅದರ ಮೇಲಿನ ಪಾಚಿ ಕೂಡ ಅಲುಗಿರಲಿಲ್ಲ. ಕಲ್ಲಿನ ಪಕ್ಕದ ಮಣ್ಣಿನಲ್ಲಿ ಏಡಿಗಳು ಬಿಲ ಕೊರೆದಿದ್ದವು. ಅವನು ತುಂಬಿದ್ದ ಗೋಣಿಚೀಲದ ಸಂದಿಯಿಂದ ನೀರು ತೋಳಿನ ಗಾತ್ರಕ್ಕೆ ಬರುತ್ತಿತ್ತು. ಹನ್ನೆರಡು ದಿನದಿಂದ ಹೀಗೆ, ಇವತ್ತು ಒಂದು ಬಿಲ ಮುಚ್ಚಿದರೆ ನಾಳೆ ಇನ್ನೊಂದು ತೆಗೆಯುತ್ತವೆ, ದಿನಾ ಮುಚ್ಚದಿದ್ದರೆ ಏರಿಯೇ ಕುಸಿಯುತ್ತದೆ ಎಂದ. ನನ್ನ ದಿನ ಏರಿಗೆ ಕಾಲಿಡುವಂತಿಲ್ಲವಾದ್ದರಿಂದ ನಾನು ಆಟಕ್ಕೆ ಕೂತ ಹೊತ್ತು ನೋಡಿ ಬರುತ್ತಿದ್ದನಂತೆ. ಆ ಹೊತ್ತು ಆಟದಲ್ಲಿ ಕೂರುತ್ತಿದ್ದವಳು ಅವನ ಹೆಂಡತಿ. ಕೊಲ್ಲಿ ದೇಶದಲ್ಲಿದ್ದಾಗಲೂ ಗೆಳೆಯರನ್ನೆಲ್ಲ ಸೋಲಿಸುತ್ತಿದ್ದವಳು ಅವಳೇ ಎಂದ. ಮೈಕು ಕೆಟ್ಟದ್ದು ಯಾಕೆಂದು ಆಗ ತಿಳಿಯಿತು.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಂಬ್ತಿದ್ದೇನೋ ಗೌಡ?" ಎಂದ. "ತೂಬು ನಮ್ಮ ಕಡೆ, ನೀರು ಬೀಳೋದು ನಮ್ಮ ಗದ್ದೆಗೆ. ಏಡಿ ಕೊರೀತು ಅಂದ್ರೆ, ಏಡಿ ಕೈಗೆ ಗುದ್ದಲಿ ಕೊಟ್ಟೋನು ನೀನೇ ಅಂತಿದ್ದೆ."

ನಂಬುತ್ತಿರಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜ. ಪಂಚೆ ಎತ್ತಿಕಟ್ಟಿ ಕೆಸರಿಗೆ ಇಳಿದೆ. ಇಬ್ಬರೂ ಸೇರಿ ಒಂದು ಗಂಟೆ ಜೇಡಿಮಣ್ಣು ತುಳಿದು, ಚೀಲ ಜಡಿದು, ಮೇಲೆ ಕಲ್ಲು ಹೇರಿದೆವು. ಒಬ್ಬನ ಕೈಯಲ್ಲಿ ಹನ್ನೆರಡು ದಿನವಾದರೂ ಆಗದ ಕೆಲಸ ನಾಲ್ಕು ಕೈಯಲ್ಲಿ ಒಂದು ಗಂಟೆಗೆ ಮುಗಿಯಿತು. ನೀರು ನಿಂತಿತು.

ಏರಿಯ ಮೇಲೆ ಕೂತು ಉಸಿರು ತೆಗೆದುಕೊಳ್ಳುವಾಗ ಅವನು ಕಂಬದ ಕಡೆ ನೋಡಿ ಹೇಳಿದ. "ಶುಕ್ರವಾರ ನಾವು ಇಗರ್ಜಿಗೆ ಹೋಗಿದ್ವಲ್ಲ, ಆವತ್ತೊಂದಿನ ಈ ಏಡಿ ದೊಡ್ಡದಾಗೇ ತೆಗ್ದುಬುಟ್ಟವೆ. ಒಂದೇ ಮಧ್ಯಾಹ್ನ ಒಂದು ಗೆರೆ ಹೋಗ್ಬುಡ್ತು ಕಣೋ. ಮೇಲಿನ ಬ್ಲಾಕಿಗೆ ಅಂತ ಇಟ್ಕೊಂಡಿದ್ದೆ. ನಿನಗೂ ಲಾಸಾಯ್ತು. ನಮ್ಮ ಕಡೆ ತೂಬು, ನನ್ನದೇ ತಪ್ಪು. ನನ್ನ ಫುಟ್‌ವಾಲ್ವಿಗೆ ಹೆಂಗೂ ನೀರು ಸಿಗಲ್ಲ, ನಾಳೆ ನನ್ನ ದಿನಾನೂ ನೀನೇ ಹೊಡ್ಕೊ."

ನಾನು ಕದ್ದ ನೀರಿಗೆ ಅವನು ನನ್ನ ಕ್ಷಮೆ ಕೇಳುತ್ತಿದ್ದ. ಆಗಲೇ ಹೇಳಬೇಕಿತ್ತು. ಹೇಳದೆ ಕಾಲಿನ ಕೆಸರು ಕೆರೆಯುತ್ತಾ ಕೂತೆ. ಕಾಫಿ ಕುಡಿದು ಹೋಗು ಎಂದು ಕರೆದ. ಬೇಡ ಎನ್ನಲೂ ಆಗದೆ ಅವನ ಹಿಂದೆ ನಡೆದೆ.

ಅವನು ಕಾಲು ತೊಳೆಯಲು ಹಿತ್ತಲಿಗೆ ಹೋದ. ನಾನು ಒಳಗೆ ಹೋದರೆ ಬಾಯಮ್ಮ, ಅವನ ಹೆಂಡತಿ, ಕಂಪ್ಯೂಟರಿನ ಮುಂದೆ ಕೂತಿದ್ದರು. ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿಯ ಮೊರ ಇಟ್ಟುಕೊಂಡು. ಪರದೆಯ ಮೇಲೆ ನನ್ನ ಊರು ಇನ್ನೂ ನಿಂತಿತ್ತು. ಅದರ ಸುತ್ತ ಅವರ ಕುದುರೆಗಳು ಕಾವಲು ತಿರುಗುತ್ತಿದ್ದವು. ನೀವು ಎದ್ದು ಹೋದದ್ದು ಗೊತ್ತಾಯಿತು, ಎರಡು ಸಲ ದಂಡು ಬಂತು, ಎರಡು ಸಲವೂ ಅಟ್ಟಿದೆ ಎಂದರು. ನಾನು ಏನೋ ಹೇಳಹೊರಟೆ. ಅವರು ಹಿತ್ತಲ ಬಾಗಿಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಶುಕ್ರವಾರ ಜೀಪಿನಲ್ಲಿ ಬರುವಾಗ ರಸ್ತೆ ಬದಿ ನಿಮ್ಮ ಗಿಡ ಎಲ್ಲ ಒದ್ದೆ ಇತ್ತು ಗೌಡ್ರೇ. ಇವರು ಡ್ರೈವ್ ಮಾಡ್ತಿದ್ರು, ನೋಡ್ಲಿಲ್ಲ. ನಾನು ನೋಡಿದೆ. ಶನಿವಾರ ನಿಮ್ಮನ್ನು ನದಿ ಆಚೆ ಬಿಟ್ಟು ಬಂದದ್ದು ಅದಕ್ಕೇ. ಇವರಿಗೆ ನಾನು ಹೇಳಲಿಲ್ಲ. ಹೇಳುವುದಾದರೆ ನೀವೇ ಹೇಳಬೇಕು."

ಆ ಮನೆಯ ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅವನು ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ. ಬಾಯಮ್ಮ ಎದ್ದು ಅಡಿಗೆಮನೆಗೆ ಹೋಗಿ ಎರಡು ಲೋಟ ಕಾಫಿ ತಂದಿಟ್ಟರು, ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತರು. ನಾನು ಹೇಳಿದೆ. ಏಡಿ ಒಂದು ಗೆರೆ ಕುಡಿಯಲಿಲ್ಲ, ನಾನು ಎಂಜಿನ್ ಹಾಕಿದೆ, ನೀನು ಕದಿಯುತ್ತಿದ್ದೀಯ ಎಂದುಕೊಂಡಿದ್ದೆ. ಮೂರೇ ಮಾತು. ನನ್ನ ಜೀವಮಾನದಲ್ಲಿ ಅಷ್ಟು ಭಾರದ ಮಾತು ಆಡಿರಲಿಲ್ಲ.

ಅವನು ಬೈಯಲಿಲ್ಲ. ಲೋಟವನ್ನು ಮೇಜಿನ ಮೇಲೆ ಇಟ್ಟ.

"ಎಷ್ಟು ಹೊತ್ತು ಓಡಿಸ್ದೆ?"

"ಮೂರು ಗಂಟೆ."

"ಮೇಲಿನ ಬ್ಲಾಕಿಗೆ ಅಷ್ಟೇ ಸಾಕಿತ್ತು," ಎಂದ. ನಿನ್ನೆ ಸೋಮವಾರಕ್ಕೇ ಆ ಹೂವಿಗೆ ಇಪ್ಪತ್ತು ದಿನ ಮುಗಿಯಿತು ಎಂದೂ ಹೇಳಿದ.

ಬುಧವಾರ ಬೆಳಕು ಹರಿಯುವ ಮೊದಲೇ ನನ್ನ ಜನರನ್ನು ಕರೆದುಕೊಂಡು, ನನ್ನ ತೋಟದ ಪೈಪುಗಳನ್ನೆಲ್ಲ ಬಿಚ್ಚಿ, ಬೇಲಿ ದಾಟಿಸಿ, ಗುಡ್ಡದ ನೆತ್ತಿಯ ತನಕ ಜೋಡಿಸಿದೆ. ನನ್ನ ಎಂಜಿನ್ನಿಗೆ ಇನ್ನೂ ನೀರು ಸಿಗುತ್ತಿತ್ತು. ತಡವಾಗಿ ಹೂ ಬಿಟ್ಟು, ಇನ್ನೂ ಇಪ್ಪತ್ತು ದಿನ ಮುಗಿಯದ ನನ್ನ ಗಿಡಕ್ಕೆ ಉಳಿದದ್ದೂ ಅದೇ ನೀರು. ಹೆಂಡತಿ ಬೇಡ ಎನ್ನಲಿಲ್ಲ, ಫ್ಲಾಸ್ಕಿನಲ್ಲಿ ಕಾಫಿ ತಂದು ಅಲ್ಲೇ ನಿಂತಳು. ಏಳು ಗಂಟೆಗೆ ಸ್ಪ್ರಿಂಕ್ಲರ್ ತಿರುಗಿತು. ಅವನು ಮನೆಯಿಂದ ನಿಧಾನವಾಗಿ ಹತ್ತಿ ಬಂದು ನನ್ನ ಪಕ್ಕದಲ್ಲಿ ನಿಂತ. ನೀರು ಬಿದ್ದ ಕಡೆಯೆಲ್ಲ ಹೂ ಉದುರುತ್ತಿತ್ತು. ಬೆಳ್ಳಗಿದ್ದದ್ದು ಎರಡೇ ದಿನದಲ್ಲಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಅವನು ಒಂದು ರೆಂಬೆ ಬಗ್ಗಿಸಿ, ಗೆಣ್ಣು ಗೆಣ್ಣನ್ನೂ ಬೆರಳಿನಿಂದ ಸವರಿ ನೋಡಿದ. ಅಂಗೈಯಲ್ಲಿ ಉಳಿದ ಕಂದು ಪುಡಿಯನ್ನು ನನಗೂ ತೋರಿಸಿದ. ನಾನು ಇನ್ನೂ ಎರಡು ಗಂಟೆ ಓಡಲಿ, ಕೆಳಗಿನ ಸಾಲಿನಲ್ಲಿ ಒಂದಷ್ಟು ಉಳಿದೀತು ಎಂದೆ.

"ಸಾಕು, ನಿಲ್ಸೋ," ಎಂದ. "ನಿನ್ನ ಹೂವಾದ್ರೂ ಉಳೀಲಿ."

ಅವನೇ ಇಳಿದು ಹೋಗಿ ನನ್ನ ಎಂಜಿನ್ ನಿಲ್ಲಿಸಿದ.